ಗೋಪುರದ ಮೇಲೆ ರೋಸ್ವಿಟಾಳ ಮುಖ

ರೈಲಿನಿಂದ ಇಳಿಯುವಾಗಲೇ ರೋಸ್ವಿಟಾ ಎಬ್ನರ್ ತೀರ್ಮಾನ ಮಾಡಿಕೊಂಡಿದ್ದಳು: ಅದನ್ನು ಒಡೆಸದೆ ಈ ಊರು ಬಿಡುವುದಿಲ್ಲ.

ವಯಸ್ಸು ಎಪ್ಪತ್ತೆರಡು, ಮಂಡಿನೋವಿಗೆ ನಾಲ್ಕು ಮೆಟ್ಟಿಲು ಹತ್ತಲಾರಳು, ಸಿಟ್ಟಿಗೆ ಮಾತ್ರ ಏನೂ ಕಮ್ಮಿಯಿಲ್ಲ. ಕಾರಣವೂ ಇತ್ತೆನ್ನಿ. ಬೇಕರಿಯ ಹಳೆಯ ಗೆಳತಿ ಕಾಗದ ಬರೆದಿದ್ದಳು: "ಕೆಥೆಡ್ರಲ್ಲಿನ ಉತ್ತರದ ಗೋಪುರದಲ್ಲಿ ನಿನ್ನ ಮುಖ ಕೆತ್ತಿದ್ದಾರಂತೆ ಕಣೇ. ಬಾಯಿ ಇಷ್ಟಗಲ ತೆರೆದಿದೆಯಂತೆ. ಶುಕ್ರವಾರ ಕೆಲಸಕ್ಕೆ ಕಟ್ಟಿದ ಸಾರವೆ ಬಿಚ್ತಾರೆ. ಆಮೇಲೆ ಹತ್ತಿರ ಹೋಗಿ ನೋಡೋಕೆ ಪಾರಿವಾಳಕ್ಕೆ ಮಾತ್ರ ಆಗೋದು."

ಅಲ್ಲಿಯ ಕಲ್ಲುಕುಟಿಗರ ಬುದ್ಧಿ ರೋಸ್ವಿಟಾಳಿಗೆ ಗೊತ್ತಿಲ್ಲವೇ? ಸವೆದ ಕಲ್ಲು ತೆಗೆದು ಹೊಸದು ಕೂರಿಸುವಾಗಲೆಲ್ಲ ಬೇಕಾದವರದೋ ಬೇಡವಾದವರದೋ ಮುಖವೊಂದನ್ನು ಸೇರಿಸುವುದು ಅವರ ಹಳೆಯ ಚಟ. ಬೇಡವಾದವರು ಸೂರಿನ ಮಳೆನೀರನ್ನು ಬಾಯಿಂದ ಕಾರುವ ಕಲ್ಲಿನ ಪಿಶಾಚಿಗಳಾಗುತ್ತಿದ್ದರು. ಬಾಯಿ ತೆರೆದಿದೆ ಅಂದಮೇಲೆ ಇನ್ನೇನು? ಇನ್ನೂರು ಮುನ್ನೂರು ವರ್ಷ ಊರ ಮೇಲೆ ಉಗುಳುತ್ತ ನಿಲ್ಲಬೇಕೆ!

ನಿಜ ಹೇಳಬೇಕೆಂದರೆ ತಪ್ಪು ಅವಳದೂ ಇತ್ತು. ತನ್ನ ಮೂವತ್ತೆರಡಕ್ಕೇ ಗಂಡ ತೀರಿಕೊಂಡು ದಿಕ್ಕು ತೋಚದೆ ನಿಂತಿದ್ದಾಗ ಈ ಕಲ್ಲುಕುಟಿಗರೇ ಕರೆದು, ಕೆಥೆಡ್ರಲ್ ಅಂಗಳದ ತಮ್ಮ ಅಡುಗೆಮನೆ ಒಪ್ಪಿಸಿದ್ದರು. ಆ ಉಪಕಾರವನ್ನು ಅವಳು ಒಂದು ದಿನವೂ ಮರೆತವಳಲ್ಲ. ಮೂವತ್ತೊಂದು ವರ್ಷ ಹದಿನಾಲ್ಕು ಜನಕ್ಕೆ ಬೇಯಿಸಿ ಹಾಕಿದಳು. ನಿವೃತ್ತಿಗೆ ಇನ್ನು ನಾಲ್ಕೇ ದಿನ ಇದ್ದಾಗ ಮೇಸ್ತ್ರಿ ಗೇರ್ನೋಟ್ ಎಲ್ಲರ ಮುಂದೆ, "ರೋಸಿ, ಬೇಳೆಸಾರಿಗೆ ಇಷ್ಟು ವಿನೆಗರ್ ಹಾಕಿದ್ರೆ ಕಲ್ಲೂ ಕರಗುತ್ತೆ, ನಮ್ಮ ಹೊಟ್ಟೆ ಯಾವ ಲೆಕ್ಕ?" ಎಂದ. ತಮಾಷೆಗೆ ಅಂದದ್ದೇ. ಅವಳಿಗೆ ಎಲ್ಲಿತ್ತೋ ರೋಷ, ಪಾತ್ರೆ ಎತ್ತಿ ಅಷ್ಟೂ ಸಾರನ್ನು ಚರಂಡಿಗೆ ಸುರಿದು, ಉತ್ತರದ ಬಂದರಿನಲ್ಲಿದ್ದ ತಂಗಿಯ ಮನೆಗೆ ಹೊರಟೇಹೋದಳು. ಬೀಳ್ಕೊಡುಗೆಯೂ ಇಲ್ಲ, ಮಣ್ಣೂ ಇಲ್ಲ. ಹಸಿದವರ ಮುಂದೆ ಊಟ ಚೆಲ್ಲಿದೆನಲ್ಲ ಎಂಬ ಸಂಕಟ ಒಂಬತ್ತು ವರ್ಷವಾದರೂ ಹೋಗಿರಲಿಲ್ಲ.

ಅಂಗಳದ ಬಾಗಿಲು ಹಾಕಿತ್ತು. ಪ್ರವಾಸಿಗಳ ಸಾಲಿನಲ್ಲಿ ನಿಂತು ಕೆಥೆಡ್ರಲ್ಲಿನ ಮುಂಬಾಗಿಲಿಂದಲೇ ಹೋಗಬೇಕಾಯಿತು. ಒಲೆಯ ಗಡಿಬಿಡಿಯಲ್ಲಿ ಅವಳು ಒಳಗೆ ಪುರುಸೊತ್ತಾಗಿ ನಿಂತು ನೋಡಿದ್ದೇ ಇರಲಿಲ್ಲ. ಇವತ್ತು ತಲೆಯೆತ್ತಿದಳು. ಕಂಬಗಳು ಏರುತ್ತ ಏರುತ್ತ, ಕತ್ತು ನೋಯುವಷ್ಟು ಎತ್ತರದಲ್ಲಿ ಒಂದರ ಕೈ ಒಂದು ಹಿಡಿದಿದ್ದವು. ಗಾಜಿನಿಂದಿಳಿದ ನೀಲಿ ಕೆಂಪು ಬೆಳಕು ಮುಂದಿದ್ದ ಪ್ರವಾಸಿಯ ಬೋಳುತಲೆಯ ಮೇಲೆ ಬಿದ್ದಿತ್ತು.

"ಅಯ್ಯೋ ದೇವರೇ, ಇಷ್ಟು ದೊಡ್ಡದಿತ್ತಾ ಇದು!" ಎಂದಳು ಬಾಯಿಬಿಟ್ಟೇ. ನನ್ನ ಕಲ್ಲುಕುಟಿಗ ಹುಡುಗರು ಕಾಯ್ದದ್ದು ಇದನ್ನಾ, ನಾನು ಹಾಕಿದ್ದನ್ನು ಉಂಡು! ಅವಳ ಎದೆ ತುಂಬಿ ಬಂತು. ಆದರೂ ಸಿಟ್ಟು ಸಿಟ್ಟೇ.

ಆಚೆ ಬಾಗಿಲಿಂದ ಅಂಗಳಕ್ಕಿಳಿದರೆ ಗೇರ್ನೋಟ್ ನಿಂತಿದ್ದ, ತಲೆಯೆಲ್ಲ ಬೆಳ್ಳಗಾಗಿತ್ತು.

"ಬಂದ್ಯಾ ಮಹಾತಾಯಿ!"

"ನಗಬೇಡ. ಉಳಿ ತಗೊಂಡು ನನ್ನ ಮುಖ ಒಡೆದು ಹಾಕು."

"ಮೊದ್ಲು ನೋಡು. ಬೇಕಿದ್ರೆ ನೀನೇ ಒಡಿ." ಕಲ್ಲು ಸಾಗಿಸುವ ಲಿಫ್ಟಿನ ಬಾಗಿಲು ತೆಗೆದ. "ಹತ್ತು. ಒಂದು ಟನ್ ತಡೆಯುತ್ತೆ, ಭಯ ಬೇಡ."

"ನನ್ನ ತೂಕದ ಸುದ್ದಿಗೆ ಬಂದ್ರೆ ಮೇಲಿಂದ ತಳ್ತೀನಿ ನೋಡು."

ಮೇಲೆ ಸಾರವೆಯ ಹಲಗೆಯ ಮೇಲೆ ಎಲ್ಲರೂ ಕೆಲಸ ನಿಲ್ಲಿಸಿ ದಾರಿ ಬಿಟ್ಟರು. ಅದೇ ತಲೆವಸ್ತ್ರ, ಅದೇ ದಪ್ಪ ಮೂಗು. ಕಲ್ಲಿನ ರೋಸ್ವಿಟಾ ತೆರೆದ ಬಾಯಿಯ ಪಕ್ಕಕ್ಕೆ ಕೈ ಒಡ್ಡಿ ಕೆಳಗಿನ ಅಂಗಳದತ್ತ ಬಗ್ಗಿದ್ದಳು. ನಿಜವಾದ ರೋಸ್ವಿಟಾ ಆ ಕಲ್ಲಿನ ಬಾಯೊಳಗೆ ಬೆರಳು ಹಾಕಿ ತಡಕಿದಳು.

"ನೀರು ಬರೋ ತೂತೇ ಇಲ್ವಲ್ಲೋ?"

"ಪಿಶಾಚಿ ಅಂದ್ಕೊಂಡ್ಯಾ? ಹನ್ನೆರಡು ಹೊಡೆದ್ರೆ ನಮ್ಮನ್ನ ಊಟಕ್ಕೆ ಕೂಗ್ತಿದ್ದೆಯಲ್ಲೇ, ಅದು. ನೀನು ಹೋದ್ಮೇಲೆ ಕರೆಯೋರೇ ಇಲ್ಲ. ಗಡಿಯಾರ ನೋಡ್ಕೊಂಡು ಇಳೀತೀವಿ."

ಕಲ್ಲಿನ ಗಲ್ಲದ ಕೆಳಗೆ ಮೂರು ಗೆರೆ, ಒಂದು ಕೊಕ್ಕೆ. ಕೆಲಸ ಕಲಿತು ಮುಗಿಸಿದ ಪ್ರತಿ ಕಲ್ಲುಕುಟಿಗನಿಗೂ ಅವನದೇ ಒಂದು ಗುರುತು ಕೊಡುತ್ತಾರೆ, ಇನ್ನೊಬ್ಬರು ಅದನ್ನು ಬಳಸುವಂತಿಲ್ಲ. ಕಲ್ಲುಕುಟಿಗರಲ್ಲದವರಿಗೆ ಕೊಟ್ಟ ಉದಾಹರಣೆಯೇ ಇಲ್ಲ.

"ಇದು ಯಾರ ಗುರುತು?"

"ನಿಂದು. ಗುರುತಿನ ಪುಸ್ತಕದಲ್ಲೂ ಬರೆದಾಯ್ತು."

"ನಾನು ಒಂದು ಕಲ್ಲೂ ಕೆತ್ತಿಲ್ಲ ಕಣೋ."

"ಖಾಲಿ ಹೊಟ್ಟೇಲಿ ನಾವೂ ಕೆತ್ತಿಲ್ಲ."

ರೋಸ್ವಿಟಾಳ ಕಣ್ಣು ತುಂಬಿತು. "ಅವತ್ತು ನಿಮ್ಮನ್ನೆಲ್ಲ ಉಪವಾಸ ಕೆಡವಿದೆ. ತಪ್ಪಾಯ್ತು ಗೇರ್ನೋಟ್. ನೀವು ನನಗೆ ಬದುಕು ಕೊಟ್ಟೋರು."

"ನನ್ನ ನಾಲಿಗೆಯದೂ ತಪ್ಪೇ ಬಿಡು."

ಗುರುತು ಸಿಕ್ಕವರು ಅವತ್ತು ಎಲ್ಲರಿಗೂ ಊಟ ಹಾಕಬೇಕು, ಅದು ಅಲ್ಲಿಯ ಕಟ್ಟಳೆ. ಅವಳು ಆಗಲೇ ಅಂಗಿಯ ತೋಳು ಮಡಿಸತೊಡಗಿದ್ದಳು. ಗೇರ್ನೋಟ್ ಭುಜ ಹಿಡಿದು ಹಲಗೆಯ ಮೇಲೆ ಕೂರಿಸಿಬಿಟ್ಟ. "ನೀನು ಹಾಕಿದ್ದಾಗಿದೆ. ಇವತ್ತು ನಮ್ಮದು, ಸುಮ್ನೆ ಕೂತ್ಕೋ."

ಅಷ್ಟೂ ವರ್ಷ ಎಲ್ಲರದೂ ಮುಗಿದ ಮೇಲೆ ಒಲೆಯ ಪಕ್ಕ ನಿಂತೇ ಉಂಡವಳು. ಈಗ ಅವಳೊಬ್ಬಳು ಕೂತಿದ್ದಳು, ಉಳಿದವರೆಲ್ಲ ನಿಂತಿದ್ದರು. ತಾವೇ ಬೇಯಿಸಿ ಲಿಫ್ಟಿನಲ್ಲಿ ತರಿಸಿದ ಊಟದ ಮೊದಲ ತಟ್ಟೆ ಅವಳ ಕೈಗೇ ಬಂತು. ಆಲೂಗಡ್ಡೆ ಅರ್ಧಂಬರ್ಧ ಬೆಂದಿತ್ತು, ಸಾಸೇಜು ಒಂದು ಕಡೆ ಕರಕಲು. ಎಲ್ಲರೂ ಅವಳ ಬಾಯನ್ನೇ ನೋಡುತ್ತಿದ್ದರು.

"ಹೇಗಿದೆ?" ಗೇರ್ನೋಟ್ ಅಳುಕುತ್ತ ಕೇಳಿದ.

ರೋಸ್ವಿಟಾ ಕಣ್ಣೊರೆಸಿಕೊಂಡು, ಖಾಲಿಯಾದ ತಟ್ಟೆಯನ್ನು ಮುಂದೆ ಚಾಚಿದಳು.

"ಇನ್ನೂ ಸ್ವಲ್ಪ ಹಾಕು."