ದಸ್ತಗೀರನ ಹಣೆಯ ಮೇಲೆ ಬರೆದವರು ಯಾರು?

ನಂಬಿ ಎಂದು ನಾನು ಯಾರ ಕಾಲಿಗೂ ಬೀಳುವುದಿಲ್ಲ. ಆದರೆ ಇದು ನಡೆದದ್ದು ನಿಜ. ನನ್ನ ಕಣ್ಣೆದುರಿಗೇ, ನಾನು ಪೂರ್ತಿ ಎಚ್ಚರವಿದ್ದಾಗ ನಡೆದದ್ದು. ದೆವ್ವ ಭೂತ ಎಂದರೆ ಸೆರಗು ಮುಚ್ಚಿಕೊಳ್ಳುವ ಹೆಂಗಸು ನಾನಲ್ಲ. ಹೆಣ ಕಾಯುತ್ತ ಪಕ್ಕದಲ್ಲೇ ಡಬ್ಬಿ ಬಿಚ್ಚಿ ಊಟ ಮಾಡಿದವಳು.

ಎಂಬತ್ತರ ದಶಕದ ಆರಂಭ. ಬೆಳಗಾವಿಯ ಟಿಳಕವಾಡಿಯ ಒಂದು ಚಿಕ್ಕ ಖಾಸಗಿ ಆಸ್ಪತ್ರೆಯಲ್ಲಿ ನಾನು ನರ್ಸ್ ಆಗಿದ್ದೆ. ರಾತ್ರಿ ಪಾಳಿ ನನಗೇ ಮೀಸಲು. ಮದುವೆಯಾಗದವಳಿಗೆ ಮನೆಯಲ್ಲಿ ಏನು ಕೆಲಸ ಎಂಬುದು ಉಳಿದವರ ಲೆಕ್ಕಾಚಾರ.

ಆ ದಿನ ಖಾನಾಪುರದಿಂದ ದಸ್ತಗೀರ ಎಂಬ ರೋಗಿ ಬಂದಿದ್ದ. ಮೊದಲು ಸೈನ್ಯದಲ್ಲಿದ್ದವನು. ಹಂಚಿನ ಭಟ್ಟಿಯಲ್ಲಿ ಕೆಲಸ ಮಾಡುವಾಗ ಮೇಲಿನಿಂದ ಬಿದ್ದು ತೊಡೆಯ ಎಲುಬು ಮುರಿದುಕೊಂಡಿದ್ದ. ಸಾಲದ್ದಕ್ಕೆ ಹಳೆಯ ದಮ್ಮು ಬೇರೆ. ಡಾಕ್ಟರು ಮನೆಗೆ ಹೊರಟಾಗ ಬಾಗಿಲಲ್ಲಿ ನಿಂತು ಎಚ್ಚರಿಸಿದ್ದರು.

“ನೋವಿಗೆ ಒಂದ ಮಾರ್ಫಿಯಾ ಇಂಜೆಕ್ಷನ್ ಕೊಡ್ರಿ ಸಿಸ್ಟರ್. ಬೆಳಗಾಗೂತನಕ ಇನ್ನೊಂದು ಬ್ಯಾಡ. ಎದಿ ಬಾಳ ವೀಕ್ ಐತಿ, ಉಸರಾ ನಿಂತ ಹೋದೀತು.”

ಇಂಜೆಕ್ಷನ್ ಕೊಟ್ಟೆ. ಆತನ ಹೆಂಡತಿ ಮಾಬೂಬಿ ಕೆಳಗೆ ಕೌದಿ ಹೊದ್ದು ಆಗಲೇ ನಿದ್ದೆ ಹೋಗಿದ್ದಳು. ನೋವು ಇಳಿಯುತ್ತಿದ್ದಂತೆ ದಸ್ತಗೀರನ ನಾಲಿಗೆ ಸಡಿಲವಾಯಿತು.

“ಕುಂದರ್ರಿ ಸಿಸ್ಟರ್. ಒಂದ ಮಾತ ಹೇಳೂದೈತಿ.”

“ಮುಂಜಾನಿ ಹೇಳೀರಂತ. ಈಗ ಮಕ್ಕೋರಿ.”

“ಮುಂಜಾನಿ ಧೈರ್ಯ ಇರೂದಿಲ್ರಿ... ಎಪ್ಪತ್ತೊಂದರ ಲಡಾಯಿದಾಗ ನಾ ಕ್ಯಾಪ್ಟನ್ ಬಸವರಾಜ ಸಾಹೇಬ್ರ ಕೈಕೆಳಗಿದ್ದೆ, ಸ್ಟ್ರೆಚರ್ ಹೊರಾಕ. ಡಾಕ್ಟರ್ ಸಾಹೇಬ್ರು. ಮೊದಲ ನಮ್ಮ ಖಾನಾಪುರದಾಗ ದವಾಖಾನಿ ಇಟ್ಟಿದ್ರು.”

ಕ್ಯಾಪ್ಟನ್ ಬಸವರಾಜ ನನ್ನ ಒಡಹುಟ್ಟಿದ ಅಣ್ಣ.

ನಮ್ಮ ಮನೆತನಕ್ಕೇ ಮೊದಲ ಡಾಕ್ಟರು ಅವನು. ಖಾನಾಪುರದ ಒಂದೇ ಕೋಣೆಯ ದವಾಖಾನೆಯಲ್ಲಿ ಕೂತು, ಹೇಳಿದ ಪಥ್ಯ ಮಾಡದವರಿಗೆ ಅವರವರ ಭಾಷೆಯಲ್ಲೇ ಬೈಯುತ್ತಿದ್ದ, ಮರಾಠಿಯವರಿಗೆ ಮರಾಠಿ, ನಮ್ಮವರಿಗೆ ಕನ್ನಡ. ಹಣೆಗೆ ವಿಭೂತಿ ಇಲ್ಲದೆ ಯಾರ ನಾಡಿಯನ್ನೂ ಹಿಡಿದವನಲ್ಲ. ನನ್ನನ್ನು ನರ್ಸಿಂಗ್ ಓದಿಸಿದವನೂ ಅವನೇ. ಆಮೇಲೆ ಸೈನ್ಯಕ್ಕೆ ಸೇರಿದ, ಯುದ್ಧಕ್ಕೆ ಹೋದ... ಗಾಯಗೊಂಡು ತೀರಿಕೊಂಡ ಎಂಬ ಸುದ್ದಿಯಷ್ಟೇ ಬಂತು. ಅಲ್ಲೇ ಸುಟ್ಟರಂತೆ. ನಮ್ಮಲ್ಲಿ ಕೈಯಲ್ಲಿ ಲಿಂಗವಿಟ್ಟು, ಕೂರಿಸಿ ಮಣ್ಣು ಮಾಡುತ್ತಾರೆ. ಅದು ತನ್ನ ಮಗನಿಗೆ ದಕ್ಕಲಿಲ್ಲವೆಂದು ಅವ್ವ ಸಾಯುವತನಕ ಕೊರಗಿದಳು.

ನಾನು ಅವನ ತಂಗಿ ಎಂದು ಹೇಳಲಿಲ್ಲ. ಸ್ಟೂಲು ಎಳೆದುಕೊಂಡು ಕೂತೆ.

“ಗಾಯಾ ಆದವರನ್ನ ನೋಡಾಕತ್ತಾಗನ ಸಾಹೇಬ್ರ ಹೊಟ್ಟಿಗೆ ಶೆಲ್ಲಿನ ಚೂರು ಬಡೀತು. ನಾನ ಮಾರ್ಫಿಯಾ ಚುಚ್ಚಿದೆ. ಚುಚ್ಚಿದ ಮ್ಯಾಲ ಹಣಿಗೆ ‘ಎಂ’ ಅಂತ ಬರೀಬೇಕ್ರಿ. ಹಿಂದ ಇರೂ ದವಾಖಾನಿ ಕ್ಯಾಂಪಿನವ್ರು ಅದನ್ನ ನೋಡಿ ಮತ್ತ ಚುಚ್ಚೂದಿಲ್ಲ. ಮ್ಯಾಲಿಂದ ಮ್ಯಾಲ ಎರಡ ಆದ್ರ ಮನಷ್ಯಾ ನಿದ್ದ್ಯಾಗನ ಹೋಗ್ತಾನ.”

“ಬರದ್ರಿಲ್ಲೋ?”

ಆತ ಮುಖ ಗೋಡೆಯತ್ತ ತಿರುಗಿಸಿದ. ಎದೆಯೊಳಗಿನ ಸುಯ್... ಸುಯ್... ಸದ್ದಷ್ಟೇ ಕೇಳುತ್ತಿತ್ತು.

“ಕಾಪಿಂಗ್ ಪೆನ್ಸಿಲ್ ಉಗುಳು ಹಚ್ಚಿ ಬರಿಯೂದ್ರಿ, ಹಸಿ ತಾಗಿದ್ರ ನೇರಳಿ ಹಣ್ಣಿನಂಗ ಜಾಂಬಳಿ ಮೂಡತೈತಿ. ಸಾಹೇಬ್ರ ಹಣಿ ಮ್ಯಾಲ ವಿಭೂತಿ ಇತ್ತು. ನಾ ಮುಸಲ್ಮಾನ... ನನ್ನ ಎಂಜಲಾ ಅದರ ಮ್ಯಾಲ ಹೆಂಗ ಹಚ್ಚಲಿ? ಕೈ ಏಳಲಿಲ್ಲ. ಬಾಯಿಲೇ ಹೇಳಿ ಕಳಸೂಣು ಅಂದೆ. ಅಷ್ಟ್ರಾಗ ಮತ್ತೊಂದು ಶೆಲ್ ಬಿತ್ತು. ಹುಡುಗ್ರು ಸಾಹೇಬ್ರನ್ನ ಎತಗೊಂಡು ಹೋಗೇಬಿಟ್ರು. ಕ್ಯಾಂಪಿನವ್ರು ಮತ್ತ ಚುಚ್ಚಿದ್ರಂತ... ಮರ್ಯಾದಿ ಮಾಡಾಕ ಹೋಗಿ ಕೊಂದೆ ನಾನು.”

ನಾನು ಎದ್ದು ಬಂದುಬಿಟ್ಟೆ.

ಔಷಧದ ಕೋಣೆಯಲ್ಲಿ ಎಷ್ಟು ಹೊತ್ತು ಕೂತಿದ್ದೆನೋ ಗೊತ್ತಿಲ್ಲ. ಕರೆಂಟು ಹೋಯಿತು. ಕಂದೀಲು ಹಚ್ಚಿದೆ. ಅಣ್ಣ ಬದುಕಬಹುದಿತ್ತು... ಬದುಕಬಹುದಿತ್ತು... ತಲೆಯಲ್ಲಿ ಅದೊಂದೇ. ಇವನು ಮನೆಗೆ ಬಂದ, ಮದುವೆಯಾದ, ಹೆಂಡತಿಯ ಕೈಯ ರೊಟ್ಟಿ ತಿಂದ. ನನ್ನ ಅಣ್ಣ ಬೂದಿಯಾದ.

ಸ್ಟೇಷನ್ ಕಡೆಯಿಂದ ರೈಲು ಕೂಗಿತು. ಅದರ ಹಿಂದೆಯೇ ವಾರ್ಡಿನಿಂದ ನರಳುವ ಸದ್ದು.

ನನ್ನ ಕೈ ಸಿರಿಂಜ್ ತುಂಬಿತು. ಹೌದು, ನನ್ನದೇ ಕೈ. ಮೊದಲು ಕೊಟ್ಟದ್ದು ಮರೆತಿತ್ತೇ? ರೋಗಿ ನರಳಿದ ಕೂಡಲೇ ಸೂಜಿ ಹಿಡಿದು ಓಡುವ ರೂಢಿಯೇ? ಆಗ ನಾನು ಏನನ್ನೂ ಕೇಳಿಕೊಳ್ಳಲಿಲ್ಲ. ಕಂದೀಲು ಹಿಡಿದು ನಡೆದೆ.

ವಾರ್ಡಿನ ಬಾಗಿಲಲ್ಲಿ ಮೊದಲು ವಾಸನೆ ಬಡಿಯಿತು. ಫಿನೈಲಿನದ್ದಲ್ಲ, ಸ್ಪಿರಿಟಿನದ್ದಲ್ಲ. ಒಣ ವಿಭೂತಿಯ ವಾಸನೆ... ನಮ್ಮ ಮನೆಯ ಪೂಜೆಯ ಗೂಡಿನಲ್ಲಿ ಬರುತ್ತಿದ್ದಂಥದ್ದು.

ಮಂಚದ ಹತ್ತಿರ ಹೋಗಿ ಕಂದೀಲು ಎತ್ತಿದೆ.

ದಸ್ತಗೀರನ ಹಣೆಯ ಮೇಲೆ ಜಾಂಬಳಿ ಬಣ್ಣದಲ್ಲಿ ‘ಎಂ’ ಬರೆದಿತ್ತು. ಇಂಗ್ಲಿಷ್ ಅಕ್ಷರ. ಕೊನೆಯ ಗೆರೆ ಹುಬ್ಬಿನ ತನಕ ಉದ್ದಕ್ಕೆ ಎಳೆದಿತ್ತು. ಪಾಟಿಯ ಮೇಲೆ ನನಗೆ ಅಕ್ಷರ ಕಲಿಸುವಾಗ ಅಣ್ಣ ಹೀಗೆಯೇ ಎಳೆಯುತ್ತಿದ್ದ.

ಬೆರಳಿಂದ ಮುಟ್ಟಿದೆ. ಹಸಿಯಾಗಿತ್ತು.

ಸಿರಿಂಜ್ ಕೈಜಾರಿ ಫಳ್ಳೆಂದು ಒಡೆಯಿತು. ಮಾಬೂಬಿ ಗಡಬಡಿಸಿ ಎದ್ದು ಕೂತಳು.

“ಏನಾತ್ರಿ ಬಾಯಾರ?”

“ಏನಿಲ್ಲವ್ವಾ... ಮಕ್ಕೋ.”

ಬೆಳಗಿನ ತನಕ ಅವನ ಉಸಿರು ನೋಡುತ್ತ ಅಲ್ಲೇ ಕೂತೆ. ಆ ರಾತ್ರಿ ಬೇರೆ ರೋಗಿಗಳಿರಲಿಲ್ಲ. ಮುಂಬಾಗಿಲ ಅಗಳಿ ಹಾಕಿದವಳು ನಾನೇ, ಹಾಕಿದ್ದು ಹಾಕಿದಂತೆಯೇ ಇತ್ತು. ಮಾಬೂಬಿ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ದಿಂಬಿನ ಕೆಳಗೆ, ಮಂಚದ ಕೆಳಗೆ, ಅವರ ಗಂಟಿನಲ್ಲಿ, ಎಲ್ಲ ಕಡೆ ಹುಡುಕಿದೆ. ಅಂಥ ಪೆನ್ಸಿಲ್ ಎಲ್ಲೂ ಇರಲಿಲ್ಲ.

ಡಾಕ್ಟರು ಬರುವ ಮುಂಚೆ ಸ್ಪಿರಿಟ್ ಹಚ್ಚಿದ ಅರಳೆಯಿಂದ ಹಣೆ ಒರೆಸಿದೆ. ಅರಳೆ ಜಾಂಬಳಿಯಾಯಿತು. ಅದನ್ನು ಸುಟ್ಟುಹಾಕಿದೆ. ಕಳ್ಳತನ ಮಾಡಿದವಳ ಹಾಗೆ.

ಮುಂದೆ ಅವನಿದ್ದಷ್ಟು ದಿನ ಅವನ ಮುಖ ನೋಡಿ ಮಾತಾಡಲು ನನಗಾಗಲಿಲ್ಲ. ಅಣ್ಣನನ್ನು ಕೊಂದವನೆಂದು ಅಲ್ಲ. ಅವನದು ತಪ್ಪೇ ಇರಬಹುದು, ಆದರೆ ಭಕ್ತಿಯಿಂದ ಆದ ತಪ್ಪು. ನನ್ನದು ಯಾವುದರಿಂದ?

ಮನೆಗೆ ಹೊರಡುವ ದಿನ ಮಾಬೂಬಿ ಟಾಂಗಾ ಕರೆಯಲು ಹೋಗಿದ್ದಳು. ದಸ್ತಗೀರ ಊರುಗೋಲು ಊರಿ ನನ್ನ ಹತ್ತಿರ ಬಂದ. ಮೊದಲ ಸಲ ಸಿಸ್ಟರ್ ಎನ್ನದೆ ಅಕ್ಕಾರ ಎಂದ.

“ಅಕ್ಕಾರ... ನೀವು ಸಾಹೇಬ್ರ ತಂಗಿ ಅಂತ ನೋಡಿದ ಕೂಡಲೇ ತಿಳೀತ್ರಿ. ಮಾರಿ ಥೇಟ್ ಅವರದ ಐತಿ. ಗೊತ್ತಿದ್ದ ಹೇಳಿದೆ.”

ನಾನು ಬಾಗಿಲ ಕಡೆ ನೋಡಿದೆ, ಮಾಬೂಬಿ ಇನ್ನೂ ಬಂದಿರಲಿಲ್ಲ.

“ಆ ರಾತ್ರಿ ನನಗ ಎಚ್ಚರ ಇತ್ರಿ. ಕಣ್ಣ ತಗೀಲಿಲ್ಲ ಅಷ್ಟ. ಮೊದಲ ನೀವು ಬಂದು ಹಣಿ ಮುಟ್ಟಿ ಹೋದ್ರಿ. ತಣ್ಣಗ ಅನಸ್ತು...”

“ನಾ ಬಂದಿರ್ಲಿಲ್ಲ.”

“ಖರೇ ಬಂದಿದ್ರಿ. ಆಮ್ಯಾಲ ಇನ್ನೊಮ್ಮೆ ಬಂದ್ರಿ. ಎರಡನೇ ಸೂಜಿ ತಂದೀರಿ ಅಂತ ನಿಮ್ಮ ಕೈಯಾಗಿನ ಸ್ಪಿರಿಟ್ ವಾಸನಿ ಮ್ಯಾಲ ತಿಳೀತು. ಬ್ಯಾಡ ಅನಬೇಕ ಅನಸಲಿಲ್ಲ. ಹಕ್ಕ ನಿಮ್ಮದ ಅಂತ ತೋಳ ಮುಂದ ಮಾಡಿದೆ.” ಆತ ನನ್ನ ಮುಖವನ್ನೇ ನೋಡಿದ. “ಯಾಕ ಕೊಡಲಿಲ್ರಿ?”

ಅದು ಮರೆತು ತಂದದ್ದು ದಸ್ತಗೀರ, ಬೇಕೆಂದು ತಂದದ್ದಲ್ಲ ಎಂದು ಹೇಳಬೇಕಿತ್ತು. ಒಂದೇ ಮಾತು. ಹೊರಗೆ ಟಾಂಗಾ ಬಂದು ನಿಂತಿತು, ಮಾಬೂಬಿ ಕರೆದಳು, ಆತ ಸಲಾಮು ಮಾಡಿ ಹೋದ. ಆ ಮಾತು ನನ್ನ ಬಾಯಿಗೆ ಬರಲಿಲ್ಲ. ಇವತ್ತಿಗೂ ಬಂದಿಲ್ಲ.