ಬೆಳಗದ ಚೊಂಬು

ಬದನೆಕಾಯಿಯಷ್ಟು ಸಹನಶೀಲರನ್ನು ನಾನು ಮನುಷ್ಯರಲ್ಲಿ ಕಂಡಿಲ್ಲ. ಗಂಟೆಗಟ್ಟಲೆ ಕೂರಿಸಿದರೂ ಕಣ್ಣು ಮಿಟುಕಿಸುವುದಿಲ್ಲ, ಸೆರಗು ಸರಿಮಾಡಿಕೊಳ್ಳುವುದಿಲ್ಲ. ಆದ್ದರಿಂದಲೇ ಛಾಯಾಗ್ರಹಣವೆಂಬ ದುಸ್ಸಾಹಸಕ್ಕೆ ಇಳಿದಾಗ, ರಾಜಾಜಿನಗರದ ನಮ್ಮ ಅಡಿಗೆಮನೆಯ ಕಿಟಕಿಯ ಕೆಳಗೆ ಎರಡು ಬದನೆಕಾಯಿ, ಒಂದು ಹಿತ್ತಾಳೆ ಚೊಂಬು ಜೋಡಿಸಿಕೊಂಡು ಅಭ್ಯಾಸ ಶುರುಮಾಡಿದೆ. ಕಾನ್ವೆಂಟಿನಲ್ಲಿ ಸಿಸ್ಟರ್ ಸೇಬು ಇಟ್ಟು ನೆರಳು ಬಿಡಿಸಲು ಕಲಿಸಿದ್ದರು. ನಮ್ಮ ಮನೆಗೆ ಸೇಬು ಬರುತ್ತಿದ್ದುದು ಯಾರಿಗಾದರೂ ಜ್ವರ ಬಂದಾಗ ಮಾತ್ರವಾದ್ದರಿಂದ ಬದನೆಗೆ ಬಡ್ತಿ ಸಿಕ್ಕಿತು.

ಕ್ಯಾಮೆರಾ ಭಾವನವರದು, ಯಜಮಾನರ ಅಣ್ಣನದು. ಮೊದಲ ರೋಲಿನ ಹನ್ನೆರಡೂ ಚಿತ್ರ ಕೆಟ್ಟವು. ಎರಡನೆಯದರಲ್ಲೂ ಒಂದಾದರೂ ನೆಟ್ಟಗೆ ಬಾರದಿದ್ದರೆ ಅಣ್ಣನಿಗೆ ವಾಪಸ್ ಕೊಟ್ಟುಬಿಡುವುದೆಂದು ಯಜಮಾನರು ಮೃದುವಾಗಿಯೇ ತೀರ್ಪಿತ್ತರು. ಸೋಲೊಪ್ಪುವ ಮನಸ್ಸು ನನಗಿರಲಿಲ್ಲ. ಕೆಟ್ಟ ಚಿತ್ರಗಳನ್ನೇ ಹಿಡಿದು ಸ್ಟುಡಿಯೋಗೆ ಹೋದೆ.

ಸ್ಟುಡಿಯೋದ ಮುದುಕರು ಕನ್ನಡಕ ಏರಿಸಿ ಕೇಳಿದರು: "ಏನಮ್ಮಾ, ಚೊಂಬಿನೊಳಗೆ ಬಲ್ಬ್ ಇಟ್ಟಿದ್ರಾ?"

ತಪ್ಪು ನನ್ನದೇ. ಚಿತ್ರಕ್ಕೆ ಕೂರುವ ಚೊಂಬು ಮದುವಣಗಿತ್ತಿಯಂತಿರಲೆಂದು ಪ್ರತಿಸಲವೂ ಹುಣಸೆಹಣ್ಣು ಹಚ್ಚಿ ತಿಕ್ಕಿ ತಿಕ್ಕಿ ಬೆಳಗಿದ್ದೆ; ಚಿತ್ರದಲ್ಲಿ ಉಳಿದದ್ದು ಒಂದು ಬಿಳಿಯ ಉಂಡೆ.

"ಹದಿನೈದು ದಿನ ಬೆಳಗ್ಬೇಡಿ. ಮಂಕಾಗ್ಲಿ, ಆಗ ಅದರ ಮೈ ಕಾಣುತ್ತೆ," ಎಂದರು.

ಹದಿನೈದು ದಿನವೆಂದರೆ ನಡುವೆ ಎರಡು ಶುಕ್ರವಾರ. ಗುರುವಾರ ಸಂಜೆ ಹಿತ್ತಾಳೆಯೆಲ್ಲ ಫಳಫಳಿಸದೆ ನಮ್ಮತ್ತೆಗೆ ನಿದ್ದೆ ಬಾರದು. ಬಚ್ಚಿಡೋಣವೆಂದುಕೊಂಡವಳು ಧೈರ್ಯ ಮಾಡಿ, ಕ್ಯಾಮೆರಾ ಹೋಗಿಬಿಡುವ ಸಂಗತಿಯನ್ನು ಅವರಿಗೇ ಹೇಳಿದೆ. ಶುಕ್ರವಾರ ಬೆಳಗ್ಗೆ ನೋಡಿದರೆ, ಹೊಳೆಯುವ ಪಾತ್ರೆಗಳ ಸಾಲಿನ ಕೊನೆಯಲ್ಲಿ ಚೊಂಬೊಂದೇ ಕಳೆಗುಂದಿ ಕೂತಿತ್ತು. ಮರುವಾರವೂ ಹಾಗೆಯೇ.

ಆಮೇಲೆ ದಿನಕ್ಕೆ ಮೂರೇ ಚಿತ್ರ, ಬಿಸಿಲು ಕಿಟಕಿಯ ಸರಳು ದಾಟುವವರೆಗೆ ಕಾದು. ಮಾದರಿಗಳು ಕೆಲಸ ಮುಗಿಸಿ ನೇರ ಒಲೆಗೆ ಹೋಗುತ್ತಿದ್ದುದರಿಂದ ನಾಲ್ಕು ದಿನ ಮನೆಮಂದಿಯೆಲ್ಲ ಬದನೆಕಾಯಿ ಹುಳಿ ಉಂಡರು.

ಹತ್ತನೆಯ ಚಿತ್ರದಲ್ಲಿ ಚೊಂಬು ಬಂದಿತ್ತು: ಕಂಠದ ಗೀರು, ಹೊಟ್ಟೆಯ ನೆಗ್ಗು, ನನ್ನ ಬೆರಳಿನ ಗುರುತು ಸಮೇತ. ನಾನು ದಿನವೂ ನೀರು ಕುಡಿದ ಚೊಂಬನ್ನು ಅವತ್ತೇ ಮೊದಲು ನೋಡಿದಂತಾಯಿತು. ಯಜಮಾನರು ಚಿತ್ರ ನೋಡಿ, ಕ್ಯಾಮೆರಾವನ್ನು ನನ್ನ ಬೀರುವಿನಲ್ಲಿಟ್ಟರು.

ಅತ್ತೆ ಮಾತ್ರ ಚಿತ್ರ ಹಿಂತಿರುಗಿಸುತ್ತ, "ಹೊರಗಿನವರಿಗೆ ತೋರಿಸ್ಬೇಡ ಕಣೇ, ಈ ಮನೇಲಿ ಪಾತ್ರೆ ತಿಕ್ಕಲ್ಲ ಅಂದ್ಕೋತಾರೆ," ಎಂದು ಚೊಂಬನ್ನೂ ಹುಣಸೆಹಣ್ಣನ್ನೂ ಎತ್ತಿಕೊಂಡು ನಲ್ಲಿಯತ್ತ ನಡೆದರು. ಬಾಗಿಲಲ್ಲಿ ನಿಂತು, ತಿರುಗದೆಯೇ ಅಂದರು: "ಈ ವಾರ ಹಂಡೆ ಬೆಳಗಲ್ಲ. ಬೇಕಾದ್ರೆ ಅದರ ಚಿತ್ರ ತೆಗೆದ್ಕೋ."