ಬಲಕ್ಕೆ ತಿರುಗಿದಾಗ

ಕಾಪುವಿನಲ್ಲಿ ಸಮುದ್ರಕ್ಕೆ ತೀರಾ ಹತ್ತಿರದ ಮನೆಯೊಂದರ ಶೆಡ್ಡಿನಲ್ಲಿ ಆ ಬೈಕು ನಿಂತಿತ್ತು. ಅದರ ಮಾಲೀಕ ದುಬೈಯಲ್ಲಿ ಕೆಲಸಕ್ಕಿದ್ದವನು, ರಜೆಗೆ ಬಂದಾಗ ಮಾತ್ರ ಓಡಿಸುತ್ತಿದ್ದ. ಈ ಸಲ ಹೆಂಡತಿ ಮಕ್ಕಳನ್ನೂ ಕರೆದುಕೊಂಡು ಹೋಗುವುದರಿಂದ ಮಾರಿಬಿಡುತ್ತೇನೆ ಎಂದ. ಅವನು ಟಾರ್ಪಾಲು ಎಳೆದಾಗ ನಾನು ಒಂದು ಹೆಜ್ಜೆ ಹಿಂದೆ ಸರಿದದ್ದು ನೆನಪಿದೆ. ಫೋಟೋದಲ್ಲಿ ಕಂಡದ್ದಕ್ಕಿಂತ ಅದು ದೊಡ್ಡದಿತ್ತು. ದೂರದ ಪ್ರಯಾಣಕ್ಕೆಂದೇ ಮಾಡಿದ ಗಾಡಿ. ಎತ್ತರದ ಸೀಟು, ಮುಂದೆ ಗಾಳಿ ತಡೆಯುವ ಗಾಜು, ಹಿಂದೆ ಎರಡೂ ಬದಿಗೆ ಪೆಟ್ಟಿಗೆ ಕೂರಿಸುವ ಕಬ್ಬಿಣದ ಚೌಕಟ್ಟು, ಕೆಳಗೆ ಅವನೇ ಹಾಕಿಸಿಕೊಂಡ ಎರಡು ಹಳದಿ ದೀಪ.

ನನಗಾಗ ನಲವತ್ತು ದಾಟಿತ್ತು. ಮಣಿಪಾಲದ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ರಕ್ತಪರೀಕ್ಷೆಯ ಕೆಲಸ. ಕಾಲೇಜು ಮುಗಿದಾಗಿನಿಂದ ಸ್ಕೂಟರ್ ಓಡಿಸಿದವಳು. ಘಟ್ಟ ಹತ್ತಿ, ಯಾರನ್ನೂ ಕಾಯದೆ, ಬೇಕೆಂದಲ್ಲಿ ನಿಲ್ಲಿಸಿ ಮುಂದೆ ಹೋಗಬೇಕು ಎಂಬ ಆಸೆ ಎಷ್ಟೋ ವರ್ಷಗಳದ್ದು. ಜೊತೆಗೆ ಬಂದಿದ್ದ ಅಪ್ಪನಿಗೆ ಅದನ್ನು ಹೇಳಿರಲಿಲ್ಲ. ಅಪ್ಪ ಉಡುಪಿ–ಕಾರ್ಕಳ ದಾರಿಯಲ್ಲಿ ಖಾಸಗಿ ಬಸ್ಸಿನ ಡ್ರೈವರ್ ಆಗಿದ್ದವರು. ಸಕ್ಕರೆ ಕಾಯಿಲೆ ಕಣ್ಣಿಗೆ ತಾಗಿದ ಮೇಲೆ ಸ್ಟೀರಿಂಗ್ ಬಿಟ್ಟರು. ಅಮ್ಮ ತೀರಿಹೋದ ನಂತರ ಪರ್ಕಳದ ನನ್ನ ಬಾಡಿಗೆ ಮನೆಯಲ್ಲೇ ಇದ್ದರು.

ಅಪ್ಪ ಬೈಕಿಗೆ ಒಂದು ಸುತ್ತು ಬಂದರು, ಟಯರನ್ನು ಹೆಬ್ಬೆರಳಿನಿಂದ ಒತ್ತಿದರು, ಸ್ಟಾರ್ಟ್ ಮಾಡಿಸಿ ಕಿವಿಗೊಟ್ಟರು.

“ಎಂಜಿನ್ ಒಳ್ಳೆದುಂಟು” ಎಂದು ಅವನಿಗೆ ಹೇಳಿ ನನ್ನ ಕಡೆ ತಿರುಗಿದರು. “ಆದರೆ ಇದು ನಿನಗಲ್ಲ. ಕಾಲು ಸರಿ ನೆಲಕ್ಕೆ ಎಟಕುವುದಿಲ್ಲ ನಿನಗೆ.”

“ಅಭ್ಯಾಸ ಆಗ್ತದೆ ಅಪ್ಪ.”

“ಬೀಳುವುದೂ ಅಭ್ಯಾಸ ಆಗ್ತದೆ” ಎಂದವರೇ ಬಸ್ಸು ಹಿಡಿದು ಮನೆಗೆ ಹೋದರು.

ನಾನು ಹಣ ಕೊಟ್ಟು ಬೈಕು ಹತ್ತಿ ಹೆದ್ದಾರಿಗೆ ಬಂದೆ. ಕಟಪಾಡಿ ದಾಟುವವರೆಗೂ ಭುಜಗಳು ಕಲ್ಲಾಗಿದ್ದವು. ಆಮೇಲೆ ಸ್ವಲ್ಪ ಸಡಿಲವಾಯಿತು. ಉಡುಪಿಯಲ್ಲಿ ಹೆದ್ದಾರಿ ಬಿಟ್ಟು ಊರೊಳಗೆ ಹೊರಳುವಲ್ಲಿ ವೇಗ ಇಳಿಸಿ ತಿರುಗಿಸುತ್ತಿದ್ದಾಗ ಎಂಜಿನ್ ಸದ್ದು ಕತ್ತರಿಸಿದ ಹಾಗೆ ನಿಂತಿತು. ಹಿಂದೆ ಮೀನಿನ ಲಾರಿ. ಅದರ ಬ್ರೇಕಿನ ಉಸಿರು ನನ್ನ ಬೆನ್ನಿಗೇ ತಾಗಿದಂತಾಯಿತು. ಕಾಲ್ಬೆರಳ ತುದಿಯಲ್ಲಿ ಬೈಕನ್ನು ಹೇಗೋ ತಡೆದು, ಹ್ಯಾಂಡಲ್ ನೇರ ಮಾಡಿ ಬಟನ್ ಒತ್ತಿದೆ. ಏನೂ ಆಗಿಲ್ಲ ಎಂಬಂತೆ ಸ್ಟಾರ್ಟ್ ಆಯಿತು. ಕ್ಲಚ್ ಬಿಟ್ಟದ್ದು ಸರಿಯಾಗಲಿಲ್ಲವೇನೋ ಎಂದುಕೊಂಡೆ. ಮನೆಯಲ್ಲಿ ಹೇಳಲಿಲ್ಲ.

ನಂತರದ ರಜೆಯ ದಿನಗಳೆಲ್ಲ ಅಂಗಳದಲ್ಲೇ ಕಳೆದವು. ಸೀಮೆಎಣ್ಣೆಯಲ್ಲಿ ಅದ್ದಿದ ಬ್ರಷ್ಷಿನಿಂದ ಚೈನ್ ಉಜ್ಜಿದರೆ ಕಪ್ಪು ಮಡ್ಡಿಯ ಜೊತೆ ಮರಳೂ ಉದುರಿತು. ನಟ್ಟುಗಳ ತಲೆ ಉಪ್ಪುಗಾಳಿಗೆ ತುಕ್ಕು ಹಿಡಿದಿದ್ದವು. ಎಂಜಿನ್ ಆಯಿಲ್ ಬದಲಿಸಿದೆ, ಬ್ರೇಕ್ ಪ್ಯಾಡ್ ಹೊಸದು ಹಾಕಿದೆ. ಸೆಂಟರ್ ಸ್ಟ್ಯಾಂಡ್ ಹಾಕುವುದು ತೋಳಿನ ಬಲದ ಕೆಲಸವಲ್ಲ, ಮೈಭಾರವನ್ನು ಕಾಲಿನ ಮೇಲೆ ಬಿಡುವ ಕೆಲಸ ಎಂದು ತಿಳಿಯುವಷ್ಟರಲ್ಲಿ ಸೊಂಟ ಹಿಡಿದುಕೊಂಡಿತ್ತು. ಕೈ ಕೆಲಸ ಮಾಡುತ್ತಿದ್ದರೂ ಮನಸ್ಸು ಆ ಲಾರಿಯ ಮುಂದೆಯೇ ನಿಂತಿರುತ್ತಿತ್ತು. ಅಪ್ಪ ಅಂಗಳಕ್ಕಿಂತ ಎತ್ತರದ ಜಗಲಿಯಂಥ ಚಾವಡಿಯಲ್ಲಿ ಕುರ್ಚಿ ಹಾಕಿ ಕೂತು ನೋಡುತ್ತಿದ್ದರು. ಇಳಿದು ಬರುತ್ತಿರಲಿಲ್ಲ.

ಎರಡನೇ ಸಲ ಅದು ನಿಂತದ್ದು ಮಣಿಪಾಲದ ಮುಖ್ಯರಸ್ತೆಯಲ್ಲಿ. ಡಿವೈಡರ್ ಮುಗಿಯುವಲ್ಲಿ ಯು-ಟರ್ನ್ ತೆಗೆದುಕೊಳ್ಳುತ್ತಿದ್ದೆ. ಅರ್ಧ ತಿರುಗಿದ್ದೇ ಎಂಜಿನ್ ಸತ್ತುಹೋಯಿತು. ಈ ಸಲ ಕಾಲು ಆನಲಿಲ್ಲ. ಬೈಕು ನಿಧಾನವಾಗಿ ವಾಲಿತು, ನಾನೂ ಅದರೊಂದಿಗೆ ವಾಲಿದೆ. ಮೊಣಕಾಲಿನ ಕೆಳಗೆ ಬಿಸಿ ಸೈಲೆನ್ಸರ್. ನಾಲ್ಕೈದು ವಿದ್ಯಾರ್ಥಿಗಳು ಓಡಿಬಂದು ಎತ್ತಿದರು. ಒಬ್ಬಳು ನೀರಿನ ಬಾಟಲಿ ಕೊಟ್ಟು, “ಆಂಟಿ, ಕೂತ್ಕೊಳ್ಳಿ ಸ್ವಲ್ಪ” ಎಂದಳು. ನಾನು ಕೂರಲಿಲ್ಲ. ಕೂತರೆ ಮತ್ತೆ ಅದರ ಮೇಲೆ ಹತ್ತಲಾರೆ ಎಂಬ ಹೆದರಿಕೆ.

ಬನ್ನಂಜೆಯ ಗ್ಯಾರೇಜಿನವನು ಎರಡು ದಿನ ಇಟ್ಟುಕೊಂಡ. “ಎಂತ ಇಲ್ಲ ಮೇಡಂ, ಪ್ಲಗ್ ಕ್ಲೀನ್ ಮಾಡಿದ್ದೇನೆ. ನಾನು ಹೆದ್ದಾರಿಯಲ್ಲಿ ಓಡಿಸಿ ನೋಡಿದೆ, ಒಂದು ಸಲವೂ ನಿಲ್ಲಲಿಲ್ಲ” ಎಂದ. ಅವನ ತಪ್ಪಿರಲಿಲ್ಲ, ಅವನ ಎದುರು ಅದು ನಿಂತೇ ಇರಲಿಲ್ಲ. ತನಗೆ ಬೇಕೆಂದಾಗ ಕಾಣಿಸಿಕೊಂಡು ಹುಡುಕಿದಾಗ ಮಾಯವಾಗುವ ದೋಷಕ್ಕಿಂತ ಕೆಟ್ಟದ್ದಿಲ್ಲ. ಪ್ರತಿ ಬೆಳಿಗ್ಗೆ ಕೀಲಿ ತಿರುಗಿಸುವ ಮೊದಲು ಕಾಲು ನೆಲಕ್ಕೆ ತಾಗುತ್ತದೆಯೇ ಎಂದು ನೋಡಿಕೊಳ್ಳುತ್ತಿದ್ದೆ.

ಬಾಗಿದ ಬ್ರೇಕ್ ಲಿವರನ್ನು ಅಪ್ಪನೇ ನೋಡಿದರು.

“ಬಿದ್ದೆಯಾ?”

“ಹೂಂ. ನಿಂತುಹೋಯಿತು.”

“ಎಷ್ಟು ಸಲ?”

“ಎರಡು.”

ಅವರು ನನ್ನ ಕಾಲಿನ ಸುಟ್ಟ ಗಾಯ ನೋಡಿದರು. ಊಟವಾದ ಮೇಲೆ ಹೇಳಿದರು. “ಪೆಟ್ರೋಲಿನಲ್ಲಿ ನೀರು ಸೇರಿರ್ತದೆ. ಅಷ್ಟು ಸಮಯ ನಿಂತ ಗಾಡಿ ಅಲ್ವಾ. ಟ್ಯಾಂಕ್ ಖಾಲಿ ಮಾಡಿ ತೊಳೆ. ಭಾನುವಾರ ನಾನು ಹಿಂದೆ ಕೂರ್ತೇನೆ, ಕಾರ್ಕಳಕ್ಕೆ ಹೋಗಿಬರುವ. ಆ ದಾರಿಯಲ್ಲಿ ನಿಲ್ಲದಿದ್ದರೆ ಮತ್ತೆ ಎಲ್ಲಿಯೂ ನಿಲ್ಲುವುದಿಲ್ಲ.”

“ಬೇಡ ಅಪ್ಪ. ನೀವು ಹಿಂದೆ ಕೂತು ಅದು ನಿಂತರೆ?”

“ನಾನು ಕೂರದೆ ನಿಂತರೆ ಪರವಾಗಿಲ್ಲವಾ?”

ಟ್ಯಾಂಕ್ ತೊಳೆದೆ. ಭಾನುವಾರ ಬೆಳಿಗ್ಗೆ ಅಪ್ಪ ಹೆಲ್ಮೆಟ್ ಹಾಕಿ ಹಿಂದೆ ಹತ್ತಿದರು. ಅವರು ಯಾರ ಹಿಂದೆಯೂ ಕೂತವರಲ್ಲ. ಬೈಕು ಹೊರಟದ್ದೇ ಅವರ ಬಲಗಾಲು ಇಲ್ಲದ ಬ್ರೇಕನ್ನು ಒತ್ತತೊಡಗಿದ್ದು ನನಗೆ ಗೊತ್ತಾಗುತ್ತಿತ್ತು. ಆತ್ರಾಡಿ, ಹಿರಿಯಡಕ. “ಹಾರ್ನ್ ಹಾಕು. ಮುಂದೆ ಇಳಿಜಾರು ಉಂಟು. ಎದುರು ಬಸ್ಸು ಬಂದರೆ ಅವನು ಬದಿ ಕೊಡುವುದಿಲ್ಲ, ನೀನೇ ಕೊಡಬೇಕು.” ಕಣ್ಣು ಮಸುಕಾಗಿದ್ದರೂ ರಸ್ತೆಯ ಪ್ರತಿ ತಿರುವು ಅವರಿಗೆ ಬಾಯಿಪಾಠ. ಎಂಜಿನ್ ಒಂದೇ ಸದ್ದಿನಲ್ಲಿ ಓಡುತ್ತಿತ್ತು. “ನೋಡು, ನೀರೇ ಆಗಿದ್ದದ್ದು” ಎಂದರು.

ಬೈಲೂರಿಗೆ ಇನ್ನೂ ಸ್ವಲ್ಪ ದೂರ ಇರುವಾಗ ಇಳಿಜಾರಿನಲ್ಲಿ ಬಲಕ್ಕೆ ಗಟ್ಟಿಯಾದ ತಿರುವು ಬಂತು. ಕನ್ನಡಿಯಲ್ಲಿ ಹಿಂದೆ ಎಕ್ಸ್‌ಪ್ರೆಸ್ ಬಸ್ಸು. ಗೇರ್ ಇಳಿಸಿ ಹ್ಯಾಂಡಲ್ ಬಾಗಿಸಿದೆ.

ಸದ್ದು ನಿಂತಿತು.

ಹಿಂದಿನ ಚಕ್ರ ಹಿಡಿದುಕೊಂಡಂತೆ ಬೈಕು ತಡವರಿಸಿತು. ಕ್ಲಚ್ ಎಳೆದೆ. ತಿರುವಿನಲ್ಲಿ ಉಳಿಯಲಾಗದೆ ರಸ್ತೆಯ ಎಡ ಅಂಚಿಗೆ ಸರಿಯತೊಡಗಿದೆವು. ಅಂಚಿನಾಚೆ ಸಣ್ಣ ಮೋರಿ, ಅದರ ಕೆಳಗೆ ಗದ್ದೆ. ಅಪ್ಪನ ಎರಡೂ ಕೈ ನನ್ನ ಭುಜವನ್ನು ಹಿಡಿದವು, ಬೆರಳುಗಳು ಎಲುಬಿಗೆ ತಾಗುವಷ್ಟು. ಬಸ್ಸಿನ ಹಾರ್ನು ಕಿವಿಯ ಪಕ್ಕದಲ್ಲೇ ಕೂಗಿ ದಾಟಿಹೋಯಿತು. ಜಲ್ಲಿಯ ಮೇಲೆ ಟಯರ್ ಜಾರಿತು, ಮತ್ತೆ ಹಿಡಿಯಿತು. ಮೋರಿಯ ಕಟ್ಟೆ ದಾಟಿ, ಬಸ್ ತಂಗುದಾಣವೊಂದರ ಎದುರಿನ ಮಣ್ಣಿನಲ್ಲಿ ಬೈಕು ನಿಂತಿತು.

ಅಪ್ಪ ಇಳಿದರು. ಹೆಲ್ಮೆಟ್ ತೆಗೆಯಲು ಹೋದರೆ ಕೊಂಡಿ ಸಿಗಲಿಲ್ಲ. ನಾನು ಬಿಚ್ಚಲು ಹೋದೆ. ನನ್ನ ಕೈ ತಳ್ಳಿದರು.

“ಮಾರು ಇದನ್ನು. ನಾಳೆಯೇ ಮಾರು.”

“ಹೀಗೆ ನಿಲ್ಲುವ ಗಾಡಿಯನ್ನು ಯಾರಿಗೆ ಮಾರಲಿ ಅಪ್ಪ? ಕೊಂಡವನು ಇದೇ ತಿರುವಿನಲ್ಲಿ ಬಿದ್ದರೆ?”

“ಹಾಗಾದರೆ ಗುಜರಿಗೆ ಹಾಕು. ಪೆಟ್ರೋಲೂ ಅಲ್ಲ, ಮಣ್ಣೂ ಅಲ್ಲ. ಮೀಟರಿನ ಲೈಟೂ ಹೋಯಿತಲ್ಲ, ನಿನಗೆ ಕಾಣಲಿಲ್ಲವಾ?”

ನನಗೆ ಕಂಡಿರಲಿಲ್ಲ. ನಾನು ರಸ್ತೆಯನ್ನೇ ನೋಡುತ್ತಿದ್ದೆ. ಅವರು ಹಿಂದಿನಿಂದ ನನ್ನ ಭುಜದ ಮೇಲಿಂದ ಮಿನುಗುವ ಮೀಟರನ್ನು ನೋಡುತ್ತಿದ್ದರು. ಲೈಟೂ ಹೋದರೆ ಅದು ಪೆಟ್ರೋಲಿನ ವಿಷಯವಲ್ಲ, ಕರೆಂಟಿನದು. ಕೀಲಿ ತಿರುಗಿಸಿದ ಹಾಗೆ ಎಲ್ಲ ಒಟ್ಟಿಗೆ ಆರಿಹೋಗಿತ್ತು. ಹೆದ್ದಾರಿಯಿಂದ ಹೊರಳಿದ್ದು ಬಲಕ್ಕೆ. ಯು-ಟರ್ನ್ ಬಲಕ್ಕೆ. ಈಗಲೂ ಬಲಕ್ಕೆ. ನೇರ ಹೆದ್ದಾರಿಯಲ್ಲಿ ಓಡಿಸಿದ ಗ್ಯಾರೇಜಿನವನಿಗೆ ಅದು ಸಿಗದೇ ಇದ್ದದ್ದು ಅದಕ್ಕೇ.

ಬೈಕನ್ನು ತಂಗುದಾಣದ ಸಿಮೆಂಟ್ ನೆಲದ ಅಂಚಿಗೆ ತಳ್ಳಿ ಸೆಂಟರ್ ಸ್ಟ್ಯಾಂಡ್ ಹಾಕಿದೆ. ಸ್ಟಾರ್ಟ್ ಮಾಡಿದೆ. ಆಯಿತು.

“ಅಪ್ಪ, ಹ್ಯಾಂಡಲ್ ಹಿಡಿಯಿರಿ. ನಾನು ಹೇಳಿದ ಹಾಗೆ ತಿರುಗಿಸಿ. ಮೊದಲು ಎಡಕ್ಕೆ.”

ಅವರು ಬಸ್ಸು ಬರುವ ದಾರಿಯ ಕಡೆಗೇ ಮುಖ ಮಾಡಿದ್ದರು. ಮತ್ತೆ ಕರೆಯಲಿಲ್ಲ ನಾನು, ಕಾದೆ. ಕೊನೆಗೆ ಬಂದು ಎರಡೂ ಕೈ ಹಾಕಿ ಹಿಡಿದರು, ಬಸ್ಸಿನ ಸ್ಟೀರಿಂಗ್ ಹಿಡಿದಂತೆ. ಎಡಕ್ಕೆ ಪೂರ್ತಿ ತಿರುಗಿಸಿದರು. ಏನೂ ಆಗಲಿಲ್ಲ. ನಿಧಾನವಾಗಿ ಬಲಕ್ಕೆ ತಂದರು. ಅರ್ಧ ದಾಟಿದ್ದೇ ಎಂಜಿನ್ ನಿಂತಿತು, ಮೀಟರು ಕಪ್ಪಾಯಿತು. ಸ್ವಲ್ಪ ಎಡಕ್ಕೆ ತಂದರೆ ಮತ್ತೆ ಬೆಳಕು.

ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡೆವು.

ಹೆಡ್‌ಲೈಟಿನ ಹಿಂದೆ, ಹ್ಯಾಂಡಲ್ ತಿರುಗುವ ಕತ್ತಿನ ಹತ್ತಿರ ಬೆರಳು ಹಾಕಿದೆ. ಹಳದಿ ದೀಪ ಹಾಕಿಸುವಾಗ ಯಾರೋ ಎಲ್ಲ ವಯರುಗಳನ್ನು ಒಟ್ಟು ಸೇರಿಸಿ ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿದು ಫ್ರೇಮಿಗೆ ಕಟ್ಟಿದ್ದರು. ಬಲಕ್ಕೆ ತಿರುಗಿದಾಗಲೆಲ್ಲ ಕೀಲಿಯಿಂದ ಬರುವ ವಯರು ಎಳೆದುಕೊಳ್ಳುತ್ತಿತ್ತು. ಪಟ್ಟಿಯನ್ನು ಕತ್ತರಿಸಲು ಕೈಯಲ್ಲಿ ಏನೂ ಇರಲಿಲ್ಲ. ಅಪ್ಪ ಜೇಬಿನಿಂದ ನೇಲ್ ಕಟರ್ ತೆಗೆದರು. ಬಿಚ್ಚಿ ನೋಡಿದರೆ ಹೊರಗಿನ ರಬ್ಬರು ಸೀಳಿತ್ತು, ಒಳಗಿನ ತಾಮ್ರದ ಎಳೆಗಳು ಹಸಿರುಗಟ್ಟಿ ಒಂದೆರಡು ಮಾತ್ರ ಉಳಿದಿದ್ದವು. ಆ ಒಂದೆರಡು ಎಳೆಗಳ ಮೇಲೆ ನಾವಿಬ್ಬರೂ ಅಲ್ಲಿಯವರೆಗೆ ಬಂದಿದ್ದೆವು.

ವಯರನ್ನು ಸಡಿಲಗೊಳಿಸಿ ಎಳೆಗಳನ್ನು ಹೊಸೆದು, ಸೀಟಿನ ಕೆಳಗಿದ್ದ ಕಪ್ಪು ಟೇಪು ಸುತ್ತಿದೆ. ಅಪ್ಪ ಪುನಃ ಪುನಃ ಬಲಕ್ಕೆ ತಿರುಗಿಸಿದರು. ನಿಲ್ಲಲಿಲ್ಲ.

“ಕಾರ್ಕಳದಲ್ಲಿ ವಯರಿಂಗ್ ಮಾಡುವವ ಒಬ್ಬ ಇದ್ದಾನೆ” ಎಂದರು. “ಅಲ್ಲಿವರೆಗೆ ಹೋಗ್ತದಾ?”

“ಗೊತ್ತಿಲ್ಲ.”

ಅಷ್ಟರಲ್ಲಿ ಕಾರ್ಕಳದ ಬಸ್ಸು ಬಂತು. ಅಪ್ಪ ಕೈ ತೋರಿಸಿದರು. ನನ್ನ ಮುಖ ನೋಡದೆ, “ನೀನು ಇದರ ಹಿಂದೆಯೇ ಬಾ. ಹತ್ತಿರ ಬರಬೇಡ” ಎಂದು ಹೇಳಿ ಹತ್ತಿದರು. ನನಗೆ ಸಿಟ್ಟು ಬಂತು. ಆಮೇಲೆ ಹಿಂದಿನ ಗಾಜಿನಲ್ಲಿ ಅವರ ಮುಖ ಕಂಡಿತು. ಮುಂದೆ ಸೀಟು ಖಾಲಿಯಿದ್ದರೂ ಕೊನೆಯ ಸೀಟಿನಲ್ಲಿ ಹಿಂದಕ್ಕೆ ತಿರುಗಿ ಕೂತಿದ್ದರು. ಅಷ್ಟು ದೂರದಿಂದ ಅವರ ಕಣ್ಣಿಗೆ ನಾನು ಒಂದು ಮಸುಕು ಆಕೃತಿ ಮಾತ್ರ. ಹೆಡ್‌ಲೈಟ್ ಹಾಕಿಕೊಂಡೆ. ಬೆಳಕು ಕಂಡರೆ ಎಂಜಿನ್ ಓಡುತ್ತಿದೆ ಎಂದು ಅವರಿಗೆ ತಿಳಿಯುತ್ತದೆ.

ಕಾರ್ಕಳದವರೆಗಿನ ಒಂದೊಂದು ಬಲ ತಿರುವನ್ನೂ ಉಸಿರು ಹಿಡಿದು ದಾಟಿದೆ. ನಿಂತುಹೋಗುತ್ತದೆ ಎಂದು ಕಾಯುತ್ತಿದ್ದ ಸದ್ದು ನಿಲ್ಲಲಿಲ್ಲ. ನಿಲ್ದಾಣದಲ್ಲಿ ಇಳಿಯುವಾಗ ಅಪ್ಪನ ಕುತ್ತಿಗೆ ಹಿಡಿದುಕೊಂಡು ಓರೆಯಾಗಿತ್ತು.

ವಯರಿಂಗ್ ಅಂಗಡಿಯವನು ಹಾಳಾದ ತುಂಡನ್ನು ತೆಗೆದು ಹೊಸ ವಯರು ಬೆಸುಗೆ ಹಾಕುವವರೆಗೆ ನಾವು ಪಕ್ಕದ ಹೋಟೆಲಿನಲ್ಲಿ ಕೂತೆವು. ಗೋಳಿಬಜೆಯನ್ನು ಅಪ್ಪ ಮುಟ್ಟಲಿಲ್ಲ. ಚಹಾ ಅರ್ಧ ಕುಡಿದ ಮೇಲೆ ಹೇಳಿದರು.

“ಅದೇ ಇಳಿಜಾರಿನಲ್ಲಿ ನನಗೊಮ್ಮೆ ಬ್ರೇಕ್ ಸಿಗಲಿಲ್ಲ. ಬಸ್ಸು ತುಂಬಾ ಜನ. ಗೇರಿನಲ್ಲಿ ಹಿಡಿದು ಹಿಡಿದು, ಎದುರಿನ ಏರಿನಲ್ಲಿ ನಿಲ್ಲಿಸಿದೆ. ಯಾರಿಗೂ ಎಂತ ಆಗಲಿಲ್ಲ. ಹೆಚ್ಚಿನವರಿಗೆ ಗೊತ್ತೂ ಆಗಲಿಲ್ಲ.”

“ನೀವು ಹೇಳಲೇ ಇಲ್ಲ.”

“ಹೇಳಿದ್ದರೆ ನಿನ್ನ ಅಮ್ಮ ಮರುದಿನ ಕಳಿಸ್ತಿದ್ದಳಾ? ಆಮೇಲೆ ಎಷ್ಟೋ ವರ್ಷ ಓಡಿಸಿದೆ. ಅಲ್ಲಿ ಬಂದಾಗಲೆಲ್ಲ ಕಾಲು ಮೊದಲೇ ಪೆಡಲ್ ಮೇಲೆ ಹೋಗ್ತಿತ್ತು.” ಚಹಾದ ಲೋಟ ಕೆಳಗಿಟ್ಟು ಸೇರಿಸಿದರು. “ನಿನ್ನ ಹಿಂದೆ ಕೂತರೆ ಆ ಕಾಲಿಗೆ ಕೆಲಸ ಇಲ್ಲ. ಅದಕ್ಕೆ ಬಸ್ಸು ಹತ್ತಿದೆ.”

ನಾನು ಅವರ ತಟ್ಟೆಯನ್ನು ಅವರ ಕಡೆ ತಳ್ಳಿದೆ. ಒಂದು ಗೋಳಿಬಜೆ ತಿಂದರು.

ಹಿಂದಿರುಗುವಾಗ ಬಸ್ಸಿಗೆ ಹೋಗುತ್ತೀರಾ ಎಂದು ಕೇಳಿದೆ. ಅವರು ಹೆಲ್ಮೆಟ್ ಹಾಕಿಕೊಂಡು ಹಿಂದೆ ಹತ್ತಿದರು. ಈಗ ಆ ಇಳಿಜಾರು ನಮಗೆ ಏರು, ಆ ತಿರುವು ಎಡಕ್ಕೆ. ಆದರೂ ಅಲ್ಲಿ ಬಂದಾಗ ಅವರ ಮೊಣಕಾಲು ನನ್ನ ಸೊಂಟವನ್ನು ಒತ್ತಿತು, ನನ್ನ ಕೈ ಹಿಡಿಕೆಯನ್ನು ಒತ್ತಿತು. ಎಂಜಿನ್ ಏರನ್ನು ಹತ್ತಿತು. ದಾರಿಯುದ್ದಕ್ಕೂ ಅವರು ಹಾರ್ನ್ ಹಾಕು ಎಂದು ಒಮ್ಮೆಯೂ ಹೇಳಲಿಲ್ಲ.

ಮರುದಿನ ಬೈಕಿನಲ್ಲೇ ಕೆಲಸಕ್ಕೆ ಹೊರಟೆ. ನಮ್ಮ ಓಣಿ ಮುಗಿದು ಮುಖ್ಯರಸ್ತೆ ಸೇರುವಲ್ಲಿ ಬಲಕ್ಕೆ ತಿರುಗಬೇಕು. ಕನ್ನಡಿಯಲ್ಲಿ ನೋಡಿದರೆ ಅಪ್ಪ ಚಾವಡಿಯ ಸರಳು ಹಿಡಿದು ನಿಂತಿದ್ದರು, ಓಣಿಯ ಕಡೆ ಕಿವಿಯಿಟ್ಟು. ನಾನು ತಿರುಗಿದೆ. ಸದ್ದು ನಿಲ್ಲಲಿಲ್ಲ. ಅವರು ಹಾಗೆ ಬಹಳ ದಿನ ನಿಂತರು. ಮಳೆ ಶುರುವಾದ ಮೇಲೂ ಎರಚಲು ಹೊಡೆಯುವ ಚಾವಡಿಯಲ್ಲಿ ನಿಲ್ಲುತ್ತಿದ್ದರು. ಒಂದು ಬೆಳಿಗ್ಗೆ ಕನ್ನಡಿ ನೋಡಿದಾಗ ಅಲ್ಲಿ ಯಾರೂ ಇರಲಿಲ್ಲ. ಒಳಗಿಂದ ಅಪ್ಪ ಹಾಕಿದ ರೇಡಿಯೋ ಕೇಳುತ್ತಿತ್ತು.